ಬೀಗದ ಕೈ ಹುಡುಗಿಯ ಹತ್ತಿರ ಇತ್ತು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಇಂಗ್ಲೆಂಡಿನ ರೀಜೆನ್ಸಿ ಕಾಲದ, ಅಂದರೆ ಸುಮಾರು ಇನ್ನೂರು ವರ್ಷ ಹಿಂದಿನ, ಪ್ರೇಮಕಥೆಗಳ ಬಗ್ಗೆ ಬಂದ ಬರಹ ಓದಿದೆ. ಪ್ರೀತಿಯ ನಾಟಕ ಆಡಲು ಹೋಗಿ ನಿಜಕ್ಕೂ ಪ್ರೀತಿ ಹುಟ್ಟುವುದು ಸವಕಲು ಕಥೆಯಂತೆ. ನಾಟಕ ಸಾಕೆನಿಸಿದರೆ ಇಬ್ಬರೂ ನಮಸ್ಕಾರ ಹೇಳಿ ಅವರವರ ದಾರಿ ಹಿಡಿಯಬಹುದಿತ್ತಲ್ಲ ಎಂದು ಲೇಖಕರು ಕೇಳಿದ್ದಾರೆ. ಅಷ್ಟು ಸಲೀಸಾಗಿರಲಿಲ್ಲ ಸ್ವಾಮಿ.

ನಾನು 28 ವರ್ಷ ಕೋರ್ಟಿನಲ್ಲಿ ಬೆರಳಚ್ಚುಗಾರ್ತಿಯಾಗಿದ್ದವಳು. ಸಾಕ್ಷಿಗಳ ಹೇಳಿಕೆ ಟೈಪ್ ಮಾಡಿ ಮಾಡಿ ಬೆರಳು ಸವೆದಿವೆ. ಹಾಗಾಗಿ ಇಂಥ ಕಥೆ ಓದುವಾಗ ಗೌನು, ಕುದುರೆಗಾಡಿಗಿಂತ ಜಾಸ್ತಿ ನನ್ನ ಗಮನ ಸಾಕ್ಷಿಯ ಕಡೆಗೇ ಹೋಗುತ್ತದೆ.

ಆಗ ಅಲ್ಲಿ ಮದುವೆಯಾಗುತ್ತೇನೆಂದು ಮಾತು ಕೊಟ್ಟು ತಪ್ಪಿದವರ ಮೇಲೆ ಪರಿಹಾರಕ್ಕೆ ದಾವೆ ಹೂಡಬಹುದಿತ್ತು. ಮಾತು ಕಾಗದದಲ್ಲೇ ಇರಬೇಕೆಂದಿರಲಿಲ್ಲ. ನಡೆದುಕೊಂಡ ರೀತಿ ನೋಡಿಯೇ ಜ್ಯೂರಿ ತೀರ್ಮಾನಿಸಬಹುದಿತ್ತು. ಅದಕ್ಕಿಂತ ತಮಾಷೆ ಇಲ್ಲಿದೆ. 1869ರವರೆಗೆ ಈ ದಾವೆಯಲ್ಲಿ ವಾದಿ, ಪ್ರತಿವಾದಿ ಇಬ್ಬರೂ ಸಾಕ್ಷಿ ಹೇಳುವಂತಿರಲಿಲ್ಲ. ಹೇಳುವವರು ಆಳುಗಳು, ನೆಂಟರು, ಅಕ್ಕಪಕ್ಕದವರು. ಅಂದರೆ 'ಅಯ್ಯೋ, ನಾವು ಸುಮ್ನೆ ನಾಟಕ ಆಡಿದ್ದು' ಎಂದು ಹುಡುಗ ಕಟಕಟೆ ಹತ್ತಿ ಹೇಳುವ ಹಾಗೇ ಇರಲಿಲ್ಲ! ನೋಡಿದವರಿಗೆ ಕಂಡದ್ದೇ ನಿಜ.

ದೊಡ್ಡ ಮನೆತನದವರು ಇಂಥದ್ದಕ್ಕೆ ಕೋರ್ಟು ಹತ್ತುತ್ತಿದ್ದುದು ಕಡಿಮೆ, ಒಪ್ಪುತ್ತೇನೆ. ಅವರಿಗೆ ಮಾನವೇ ಕೋರ್ಟು. ನಿಶ್ಚಯವಾಯಿತೆಂದು ಗೊತ್ತಾದ ಮೇಲೆ ಮರ್ಯಾದಸ್ಥ ಗಂಡಸು ಹಿಂದೆ ಸರಿಯುವಂತಿರಲಿಲ್ಲ. ಹುಡುಗಿ ಮಾತ್ರ ಮನಸ್ಸು ಬದಲಾಯಿತು ಎನ್ನಬಹುದಿತ್ತು. ನಾಲ್ಕು ಜನ ಆಡಿಕೊಂಡರೂ ಆ ದಾರಿ ಅವಳಿಗಿತ್ತು. ಈಗ ಯೋಚಿಸಿ: ನಾಟಕಕ್ಕೆ ಒಪ್ಪಿದ ಹುಡುಗ ಬೀಗದ ಕೈಯನ್ನು ಅವಳ ಕೈಗೆ ಕೊಟ್ಟ ಹಾಗಾಯಿತು. ಅವಳು 'ಬಿಡುವುದಿಲ್ಲ' ಎಂದುಬಿಟ್ಟರೆ ಮುಗಿಯಿತು. ಇಷ್ಟು ನಂಬಿಕೆ ಇಟ್ಟವನ ಮೇಲೆ ಪ್ರೀತಿ ಹುಟ್ಟಿದರೆ ಅದರಲ್ಲಿ ಸವಕಲು ಏನು ಬಂತು?

ಇನ್ನು ಮಾತಾಡಲು ಜಾಗವೆಲ್ಲಿತ್ತು? ಬುಧವಾರ ಬಂದರೆ ಲಂಡನ್ನಿನ ಕಿಂಗ್ ಸ್ಟ್ರೀಟಿನಲ್ಲಿದ್ದ ದೊಡ್ಡವರ ನೃತ್ಯಮಂದಿರ ಆಲ್ಮ್ಯಾಕ್ಸ್‌ನಲ್ಲಿ ನೃತ್ಯ. ಯಾರನ್ನು ಒಳಗೆ ಬಿಡಬೇಕು ಎನ್ನುವುದು ಕೆಲವೇ ಸಿರಿವಂತ ಹೆಂಗಸರ ಕೈಯಲ್ಲಿತ್ತು. ರಾತ್ರಿ 11ಕ್ಕೆ ಬಾಗಿಲು ಬಂದ್. ಇಷ್ಟೆಲ್ಲ ಠೀವಿ ಮಾಡಿ ತಿನ್ನಲು ಕೊಡುತ್ತಿದ್ದುದು ತೆಳ್ಳಗೆ ಬೆಣ್ಣೆ ಸವರಿದ ಬ್ರೆಡ್ಡು, ಕುಡಿಯಲು ನಿಂಬೆ ಪಾನಕ! ಹುಡುಗಿಯ ಜೊತೆ ತಾಯಿಯೋ ಅತ್ತೆಯೋ ಕಾವಲು. ನಿಶ್ಚಯವಾಗದವರು ಪತ್ರ ಬರೆದುಕೊಳ್ಳುವಂತಿಲ್ಲ. ಒಬ್ಬನ ಜೊತೆ ಎರಡು ಸಲಕ್ಕಿಂತ ಜಾಸ್ತಿ ಕುಣಿದರೆ ಗುಸುಗುಸು ಶುರು.

ಆದರೆ ಅಲ್ಲಿನ ಕಂಟ್ರಿ ಡ್ಯಾನ್ಸಿನಲ್ಲಿ ಒಂದು ಅನುಕೂಲವಿತ್ತು. ಗಂಡಸರದ್ದೊಂದು ಸಾಲು, ಎದುರಿಗೆ ಹೆಂಗಸರದ್ದೊಂದು ಸಾಲು. ಮೇಲಿನ ಜೋಡಿ ಕುಣಿಯುತ್ತಾ ಕೆಳಗೆ ಬರುವ ತನಕ ಉಳಿದವರು ಎದುರುಬದುರು ನಿಂತು ಕಾಯಬೇಕು. ಕೈಗೆ ಗ್ಲೌಸು, ಮುಖದಲ್ಲಿ ನಗು, ಪಿಟೀಲಿನ ಸದ್ದಿನ ಮರೆಯಲ್ಲಿ ಪಿಸುಮಾತು. 'ನಾಳೆ ಸಂಜೆ ಹೈಡ್ ಪಾರ್ಕಿಗೆ ಬನ್ನಿ, ನಿಮ್ಮ ಅತ್ತೆ ನೋಡಲಿ.' ಪಾಪ, ನಾಟಕದ ತಯಾರಿಗೆಂದೇ ಸಿಕ್ಕ ಗಳಿಗೆ ಅದು. ನಿಜವಾಗಿ ಪ್ರೀತಿಸುವವರಿಗೂ ಅದಕ್ಕಿಂತ ಹೆಚ್ಚು ಸಿಗುತ್ತಿರಲಿಲ್ಲ ಅಲ್ವಾ?

ನನ್ನ ತಕರಾರು ಬೇರೆಯೇ ಇದೆ. ಈ ಕಥೆಗಳೆಲ್ಲ ಮದುವೆಗೇ ಮುಗಿದುಬಿಡುತ್ತವೆ. ಬೀಗದ ಕೈ ಗಂಡನ ಪಾಲಾಗುತ್ತಿದ್ದುದು ಅವತ್ತೇ. ಮೊದಲೇ ಕರಾರು ಪತ್ರ ಮಾಡಿಕೊಳ್ಳದಿದ್ದರೆ ಹೆಂಡತಿಯ ಹಣವೆಲ್ಲ ಅವನದೇ. ಆ ಕಾನೂನು ಸರಿಯಾಗಿ ಬದಲಾಗಲು 1882 ಬರಬೇಕಾಯಿತು. ಆ ಕರಾರು ಪತ್ರಗಳ ಬಗ್ಗೆ ಯಾರಿಂದಲಾದರೂ ಒಂದು ಲೇಖನ ಬರೆಸಿ. ಟೈಪ್ ಮಾಡಿಕೊಡಲು ಆಳು ಬೇಕಿದ್ದರೆ ನಾನಿದ್ದೇನೆ.

ಇಂತಿ,
ನಿವೃತ್ತ ಬೆರಳಚ್ಚುಗಾರ್ತಿ