ಮೆಷಿನ್ ಜೊತೆ ಸ್ಪೇರ್ ಪಾರ್ಟ್ಸೂ ಕಳಿಸಿ

ಸಂಪಾದಕರೇ,

ಆಫ್ರಿಕಾದ ಮಿಷನ್ ಆಸ್ಪತ್ರೆಗಳಿಗೆ ದಾನಿಗಳು ಮೆಷಿನ್ ಕಳಿಸುವ ಬಗ್ಗೆ ನಿಮ್ಮಲ್ಲಿ ಬಂದ ಬರಹ ಓದಿದೆ. ಕೊಡುವ ಮನಸ್ಸು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಮೆಷಿನ್ ಕೆಟ್ಟು ನಿಂತ ದಿನ ಏನು ಮಾಡಬೇಕು ಅಂತ ಒಂದು ಸಾಲೂ ಇರಲಿಲ್ಲ. ಜಾಂಬಿಯಾದ ದಕ್ಷಿಣ ಪ್ರಾಂತ್ಯದ ಒಂದು ಹಳ್ಳಿ ಮಿಷನ್‌ನಲ್ಲಿ ರಿಪೇರಿ ಕೆಲಸ ಮಾಡಿದವನು ನಾನು, ಅದಕ್ಕೇ ಬರೆಯುತ್ತಿದ್ದೇನೆ.

ಮಿಷನ್ ಅಂದರೆ ಚರ್ಚು, ಪ್ರಾರ್ಥನೆ ಅಷ್ಟೇ ಅಂದುಕೊಳ್ಳುವವರು ಜಾಸ್ತಿ. ಅಲ್ಲಿ ಆಸ್ಪತ್ರೆ, ಶಾಲೆ, ಹಾಸ್ಟೆಲ್, ಗ್ಯಾರೇಜು ಎಲ್ಲ ಅಕ್ಕಪಕ್ಕದಲ್ಲೇ. ಆ ಭಾಗದ ಹಳೆಯ ಮಿಷನ್‌ಗಳು ಮೊದಲಿಂದಲೂ ಕೈಕೆಲಸ ಬಿಟ್ಟವಲ್ಲ. 1905ರಲ್ಲಿ ಚಿಕುನಿ ಮಿಷನ್ ಶುರು ಮಾಡಿದ ಪಾದ್ರಿ ಜೋಸೆಫ್ ಮೊರೋ ಅಲ್ಲಿನ ಟೊಂಗಾ ಜನಾಂಗದ ರೈತರಿಗೆ ಎತ್ತು ಕಟ್ಟಿ ನೇಗಿಲು ಹೊಡೆಯುವುದನ್ನು ಕಲಿಸಿದವರು. ಈಗಲೂ ಬೆಳಗಿನ ಪ್ರಾರ್ಥನೆ ಮುಗಿಯುವ ಹೊತ್ತಿಗೆ ವರ್ಕ್‌ಶಾಪ್ ಬಾಗಿಲಲ್ಲಿ ಜನ ನಿಂತಿರುತ್ತಾರೆ. ಮಣ್ಣು ರಸ್ತೆಯಲ್ಲಿ ಸ್ಪ್ರಿಂಗ್ ಪ್ಲೇಟ್ ಕಟ್ಟಾದ ಲ್ಯಾಂಡ್ ಕ್ರೂಸರ್ ಜೀಪು, ಆಪರೇಷನ್ ಸಾಮಾನನ್ನು ಹಬೆಯಲ್ಲಿ ಶುದ್ಧ ಮಾಡುವ ಆಟೋಕ್ಲೇವ್ ಹಬೆ ಸೋರುತ್ತಿರುವುದು, ವೆಲ್ಡಿಂಗ್ ಬಿಟ್ಟ ಮಂಚ.

ಎಲ್ಲಕ್ಕಿಂತ ದೊಡ್ಡ ಕೆಲಸ ನೀರಿನದು. ಅಲ್ಲಿ ಎಷ್ಟೋ ಬೋರ್‌ವೆಲ್‌ಗಳ ಮೇಲೆ ಇರುವುದು ನಮ್ಮ ಇಂಡಿಯಾ ಮಾರ್ಕ್ 2 ಕೈಪಂಪು. 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ಇದು ತಯಾರಾದಾಗ, ಮಹಾರಾಷ್ಟ್ರದ ಜಾಲ್ನಾ ಮತ್ತು ಸೋಲಾಪುರದ ಮಿಷನ್‌ಗಳವರು ಅದಕ್ಕೂ ಮೊದಲೇ ಮಾಡಿದ್ದ ಪಂಪುಗಳೇ ಅದಕ್ಕೆ ಆಧಾರ. ಗಟ್ಟಿ ಪಂಪು, ನಿಜ. ಆದರೆ ಕೆಳಗೆ ಸಿಲಿಂಡರಿನೊಳಗೆ ನೀರನ್ನು ಮೇಲೆತ್ತುವ ಬಟ್ಟಲಿನಾಕಾರದ ಬಿಲ್ಲೆ, ಅಂದರೆ ಬಕೆಟ್ ವಾಷರ್, ಸವೆಯಿತು ಅಂದರೆ ಇಡೀ ಪೈಪ್ ಸಾಲನ್ನೇ ಮೇಲೆತ್ತಬೇಕು. ಒಂದೊಂದು ಪೈಪು 3 ಮೀಟರ್, 30 ಮೀಟರ್ ಆಳಕ್ಕೆ ಇಳಿಸಿದ್ದರೆ 10 ಪೈಪು, ಜೊತೆಗೆ ರಾಡುಗಳ ಭಾರ. ಕ್ಲ್ಯಾಂಪ್ ಬಿಗಿದು, ಪೈಪ್ ರೆಂಚ್ ಹಾಕಿ ಬಿಚ್ಚಿ, ಮತ್ತೆ ಎತ್ತಿ, ಮತ್ತೆ ಬಿಗಿದು ಹೀಗೇ ಮಧ್ಯಾಹ್ನವಾಗುತ್ತದೆ. ಕ್ಲ್ಯಾಂಪ್ ಜಾರಿದರೆ ಎಲ್ಲ ಬೋರ್ ಒಳಗೆ. ಬಕೆಟ್ ಹಿಡಿದು ಬಂದ ಹೆಂಗಸರೇ ಹಗ್ಗಕ್ಕೆ ಕೈ ಕೊಡುತ್ತಾರೆ. ಆಮ್ಲದ ಅಂಶ ಇರುವ ನೀರಾದರೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಬೇಗ ತುಕ್ಕು ಹಿಡಿಯುತ್ತದೆ, ನೀರು ಕೆಂಪಗೆ ಬರುತ್ತದೆ, ಬಟ್ಟೆಗೆ ಕಲೆ, ಬಾಯಿಗೆ ಕಬ್ಬಿಣದ ರುಚಿ. ಆಮೇಲೆ ಪಂಪು ಇದ್ದೂ ಜನ ಹಳ್ಳದ ನೀರಿಗೇ ಹೋಗುತ್ತಾರೆ. ಅಂಥ ಕಡೆ ಇನ್ನೊಂದು ಹೊಸ ಪಂಪು ಬೇಕಿಲ್ಲ, ಸ್ಟೇನ್‌ಲೆಸ್ ಸ್ಟೀಲ್ ಪೈಪು ಬೇಕು. ಆದರೆ ಪೈಪಿನ ಮೇಲೆ ದಾನಿಗಳ ಹೆಸರು ಬರೆಸಲು ಆಗುವುದಿಲ್ಲ ಅಲ್ವಾ?

ಆಸ್ಪತ್ರೆಯದೂ ಇದೇ ಕಥೆ. ಅಮೆರಿಕದಿಂದ ಬರುವ ಎಷ್ಟೋ ಮೆಷಿನ್ 110-120 ವೋಲ್ಟಿನವು, ಜಾಂಬಿಯಾದ ಕರೆಂಟು 230. ಟ್ರಾನ್ಸ್‌ಫಾರ್ಮರ್ ಇಲ್ಲದೆ ಪ್ಲಗ್ ಹಾಕಿದರೆ ಸುಟ್ಟೇ ಹೋಗುತ್ತದೆ. ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ರೋಗಿಗೆ ಕೊಡುವ ಆಕ್ಸಿಜನ್ ಕಾನ್ಸಂಟ್ರೇಟರ್‌ನ ಫಿಲ್ಟರಿಗೆ ಬೇಸಿಗೆಯಲ್ಲಿ ಕೆಂಪು ಧೂಳು ಮೆತ್ತಿಕೊಳ್ಳುತ್ತದೆ, ತೊಳೆಯದೆ ಬಿಟ್ಟರೆ ಗಾಳಿ ಆಡದೆ ಮೋಟಾರು ಬಿಸಿಯಾಗುತ್ತದೆ. 2024ರ ಬರದಲ್ಲಿ ಜಲವಿದ್ಯುತ್ ಕೊಡುವ ಕರಿಬಾ ಜಲಾಶಯ ತಳ ಕಂಡು ದೇಶದಲ್ಲಿ ದಿನದ ಬಹುಪಾಲು ಕರೆಂಟೇ ಇರುತ್ತಿರಲಿಲ್ಲ. ಹಾಗಿದ್ದಾಗ ಜನರೇಟರಿನ ಡೀಸೆಲ್ ಫಿಲ್ಟರು, ಸೋಲಾರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್, ಇವುಗಳ ಬೆಲೆ ಗೊತ್ತಾಗುತ್ತದೆ. ಲಸಿಕೆಯ ಫ್ರಿಜ್ 2ರಿಂದ 8 ಡಿಗ್ರಿ ಒಳಗೇ ಇರಬೇಕು, ಅದು ಕಾಯುವುದಿಲ್ಲ.

ಬಡ ದೇಶಗಳ ಆಸ್ಪತ್ರೆಗಳಲ್ಲಿ ಸುಮಾರು 40 ಶೇಕಡಾ ಉಪಕರಣಗಳು ಕೆಟ್ಟು ನಿಂತಿವೆ ಅಂತ 2011ರ ಒಂದು ಅಧ್ಯಯನ ಹೇಳಿತ್ತು. ಸ್ಟೋರ್ ರೂಮಿನಲ್ಲಿ ಬಟ್ಟೆ ಹೊದ್ದು ಕೂತ ಮೆಷಿನ್‌ಗಳನ್ನು ನೋಡಿದವನಿಗೆ ಅದರಲ್ಲಿ ಅಚ್ಚರಿ ಏನಿಲ್ಲ. ಅಲ್ಲಿನ ಹುಡುಗರಿಗೆ ಕೈಯಲ್ಲಿ ಕೆಲಸ ಇದೆ. ತಂತಿ ಸುತ್ತಿ, ಹಳೆಯ ಟ್ಯೂಬ್ ಕತ್ತರಿಸಿ ಹೇಗೋ ನಡೆಸುತ್ತಾರೆ. ಅವರಿಗೆ ತಿಂಗಳ ಸಂಬಳ, ಟ್ರೈನಿಂಗು, ಮ್ಯಾನ್ಯುಯಲ್ಲು ಯಾರೂ ಕೊಡುತ್ತಿಲ್ಲ, ಅದೇ ನನ್ನ ಸಂಕಟ.

ಮಿಷನ್‌ಗಳಿಗೆ ಕೊಡುವ ಟ್ರಸ್ಟು, ಚರ್ಚುಗಳವರು ಈ ಪತ್ರ ಓದುತ್ತಿದ್ದರೆ ಒಂದೇ ಮನವಿ. ಮೆಷಿನ್ ಜೊತೆ ಅದರ ಬಿಡಿಭಾಗ ಮತ್ತು ಒಬ್ಬ ಮೆಕ್ಯಾನಿಕ್‌ನ ಎರಡು ವರ್ಷದ ಸಂಬಳವನ್ನೂ ಲೆಕ್ಕ ಹಾಕಿ. ದುಡ್ಡು ಸಾಲದಿದ್ದರೆ ಮೆಷಿನ್ನೇ ಬಿಡಿ, ಬಿಡಿಭಾಗ ಕಳಿಸಿ. ಕಳಿಸುವ ಮೊದಲು ವರ್ಕ್‌ಶಾಪಿನವರಿಗೆ ಫೋನ್ ಮಾಡಿ, ಏನೇನು ಬೇಕು ಅಂತ ಅವರೇ ಪಟ್ಟಿ ಓದಿ ಹೇಳುತ್ತಾರೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗ