ಬಾಟಲಿಯ ದ್ರವಗಳ ಬದಲು ಸಾಮಗ್ರಿ: ನಮ್ಮ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ ಹಾಗೂ ಸದಸ್ಯ ಬಂಧುಗಳೇ,

ಸಹಕಾರ ಸಂಘದ ಚಿತ್ರದುರ್ಗದ ಮಳಿಗೆಯಲ್ಲಿ ನೆಲ ಒರೆಸುವ, ಪಾತ್ರೆ ತೊಳೆಯುವ ಮತ್ತು ಬಚ್ಚಲು ತಿಕ್ಕುವ ದ್ರವಗಳನ್ನು ಬಾಟಲಿಗೆ ತುಂಬಿ ಮಾರುವುದನ್ನು ಬರುವ ಯುಗಾದಿಯಿಂದ ನಿಲ್ಲಿಸುತ್ತಿದ್ದೇವೆ. ಅವುಗಳ ಬದಲು ಅಂಟುವಾಳದ ಸಿಪ್ಪೆ, ಸೀಗೆಪುಡಿ, ವಾಷಿಂಗ್ ಸೋಡಾ, ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್) ಮತ್ತು ಹುಣಸೆಹಣ್ಣನ್ನು ತೂಕದ ಮೇಲೆ ಕೊಡುತ್ತೇವೆ. ಇವುಗಳಿಂದ ಬೇಕಾದದ್ದನ್ನು ಮನೆಯಲ್ಲೇ ಮಾಡಿಕೊಳ್ಳುವ ಕ್ರಮವನ್ನೂ ತೋರಿಸಿಕೊಡುತ್ತೇವೆ. ನಮ್ಮ ಬಾಟಲಿಗಳನ್ನೇ ನೆಚ್ಚಿಕೊಂಡಿದ್ದ ಮನೆಗಳಿಗೆ ಇದರಿಂದ ಸ್ವಲ್ಪ ಕೆಲಸ ಹೆಚ್ಚಾಗುತ್ತದೆ. ಆದ್ದರಿಂದ ಈ ತೀರ್ಮಾನದ ಹಿಂದಿನ ಕಾರಣವನ್ನು ವಿವರವಾಗಿ ತಿಳಿಸುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

"ನೀವೇ ಅಂಟುವಾಳದ ನೀರನ್ನು ಬಾಟಲಿಯಲ್ಲಿ ತುಂಬಿ ಕೊಡಬಾರದೇಕೆ?" ಎಂದು ಹಲವು ಸದಸ್ಯರು ಕೇಳಿದ್ದಾರೆ. ಕುದಿಸಿ ಸೋಸಿದ ಅಂಟುವಾಳದ ನೀರು ನಮ್ಮೂರಿನ ಬಿಸಿಲಿಗೆ ಎರಡು ಮೂರು ದಿನಗಳಲ್ಲಿ ಹುಳಿವಾಸನೆ ಹಿಡಿಯುತ್ತದೆ, ಫ್ರಿಜ್ಜಿನಲ್ಲಿಟ್ಟರೆ ಸುಮಾರು ಒಂದು ವಾರ ಬಾಳುತ್ತದೆ. ಅದು ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ನಿಲ್ಲಬೇಕೆಂದರೆ ಕೆಡದಂತೆ ತಡೆಯುವ ರಾಸಾಯನಿಕವನ್ನು ಬೆರೆಸಬೇಕು, ಕಂದುಬಣ್ಣವನ್ನು ಮರೆಮಾಚಲು ಬಣ್ಣ ಹಾಕಬೇಕು, ವಾಸನೆಗೆ ಸುಗಂಧ ಸೇರಿಸಬೇಕು. ಇಷ್ಟೆಲ್ಲ ಸೇರಿಸಿದ ಮೇಲೂ ಬಾಟಲಿಯ ಬಹುಪಾಲು ನೀರೇ ಆಗಿರುತ್ತದೆ. ಆ ನೀರಿಗೆ, ಅದರ ಸಾಗಣೆಗೆ ಮತ್ತು ಪ್ಲಾಸ್ಟಿಕ್ಕಿಗೆ ಗ್ರಾಹಕರು ಹಣ ತೆರುತ್ತಾರೆ. ಒಣಗಿಸಿದ ಸಿಪ್ಪೆಯಾದರೋ ತೇವ ತಾಗದಂತೆ ಡಬ್ಬಿಯಲ್ಲಿಟ್ಟರೆ ವರ್ಷ ಕಳೆದರೂ ಕೆಡುವುದಿಲ್ಲ. ಕೆಡದ ವಸ್ತುವನ್ನು ನಾವು ಮಾರುವುದು, ಕೆಡುವ ದ್ರವವನ್ನು ಮನೆಯವರು ವಾರಕ್ಕೆ ಬೇಕಾದಷ್ಟೇ ಮಾಡಿಕೊಳ್ಳುವುದು, ಇದೇ ಸರಿಯಾದ ಕ್ರಮವೆಂದು ಆಡಳಿತ ಮಂಡಳಿ ತೀರ್ಮಾನಿಸಿದೆ.

ಎರಡನೆಯ ಕಾರಣ ನಮ್ಮ ನೀರು. ನಗರಕ್ಕೆ ವಾಣಿವಿಲಾಸ ಸಾಗರದಿಂದಲೂ ಶಾಂತಿಸಾಗರದಿಂದಲೂ ಕುಡಿಯುವ ನೀರು ಬರುತ್ತದೆಯಾದರೂ ತೊಳೆಯುವ ಬಳಿಯುವ ಕೆಲಸಕ್ಕೆ ಎಷ್ಟೋ ಬಡಾವಣೆಗಳಲ್ಲಿ ಕೊಳವೆಬಾವಿಯ ಗಡಸು ನೀರೇ ಗತಿ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500, ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದೆಂದೂ ಬೇರೆ ನೀರು ಸಿಗದಿದ್ದಲ್ಲಿ 600ರವರೆಗೆ ಆಗಬಹುದೆಂದೂ ಹೇಳುತ್ತದೆ. ನಿಮ್ಮ ಬಾವಿಯ ಪರೀಕ್ಷಾ ವರದಿ ಮನೆಯಲ್ಲಿದ್ದರೆ ಆ ಅಂಕಿಯನ್ನು ಒಮ್ಮೆ ನೋಡಿಕೊಳ್ಳಿ. ಇಂಥ ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಸೋಪಿನೊಡನೆ ಕೂಡಿ ಬಕೆಟ್ಟಿನ ಅಂಚಿಗೆ ಅಂಟುವ ಬಿಳಿ ಗಸಿಯಾಗುತ್ತವೆ, ಹೀಗಾಗಿ ಅರ್ಧ ಸೋಪು ನೀರಿನೊಡನೆ ಹೋರಾಡುವುದರಲ್ಲೇ ಕರಗಿ ಹೋಗುತ್ತದೆ. ಅಂಟುವಾಳದಲ್ಲಿರುವ ಸಪೋನಿನ್ ಎಂಬ ವಸ್ತು ಹಾಗೆ ಗಸಿಗಟ್ಟುವುದಿಲ್ಲ. ವಾಷಿಂಗ್ ಸೋಡಾ ಇನ್ನೊಂದು ಬಗೆಯಲ್ಲಿ ಉಪಕಾರಿ: ಅದು ಕ್ಯಾಲ್ಸಿಯಮ್ಮನ್ನು ಸುಣ್ಣದ ಪುಡಿಯಾಗಿ ಕೆಳಗಿಳಿಸಿ ನೀರನ್ನೇ ಮೆದುವಾಗಿಸುತ್ತದೆ.

ಅಂಟುವಾಳದ ನೀರನ್ನು ಮಾಡುವ ಬಗೆ ಹೀಗಿದೆ. ಬೀಜ ತೆಗೆದ ಸಿಪ್ಪೆ 50 ಗ್ರಾಂ ತೆಗೆದುಕೊಂಡು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಸಣ್ಣ ಉರಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಕುದಿಸಿ, ಆರಿದ ಮೇಲೆ ಸಿಪ್ಪೆಯನ್ನು ಕೈಯಿಂದ ಚೆನ್ನಾಗಿ ಕಿವುಚಿ ತೆಳುಬಟ್ಟೆಯಲ್ಲಿ ಸೋಸಬೇಕು. ಸಿಪ್ಪೆ ಮೆತ್ತಗಾಗಿ ಅರೆಪಾರದರ್ಶಕವಾಗಿ, ಬೆರಳಿಗೆ ಲೋಳೆಲೋಳೆಯಾಗಿ ಹತ್ತಿದರೆ ಸತ್ವ ಬಿಟ್ಟಿದೆ ಎಂದರ್ಥ. ಕುದಿಯುವಾಗ ನೊರೆ ಉಕ್ಕಿ ಒಲೆಯ ಮೇಲೆ ಚೆಲ್ಲುವುದರಿಂದ ದೊಡ್ಡ ಪಾತ್ರೆಯನ್ನೇ ಇಡಿ. ಪಾತ್ರೆ ತೊಳೆಯಲು ಈ ನೀರಿಗೆ ತೆಂಗಿನ ನಾರು ಅಥವಾ ಒಣ ಹೀರೇಕಾಯಿಯ ನಾರು ಒಳ್ಳೆಯ ಜೊತೆ. ನೊರೆ ಅಂಗಡಿಯ ದ್ರವದಷ್ಟು ಬರುವುದಿಲ್ಲ. ನೊರೆ ಕಡಿಮೆಯಾದ ಮಾತ್ರಕ್ಕೆ ಜಿಡ್ಡು ಉಳಿಯಿತೆಂದು ತಿಳಿಯಬೇಡಿ, ತಟ್ಟೆಯ ಮೇಲೆ ಬೆರಳಾಡಿಸಿ ನೋಡಿ.

ಈ ನೀರಿಗೆ ಹೇಳಿ ಮಾಡಿಸಿದ ಕೆಲಸವೆಂದರೆ ನಮ್ಮ ಜಿಲ್ಲೆಯದೇ ಹೆಮ್ಮೆಯಾದ ಮೊಳಕಾಲ್ಮುರು ರೇಷ್ಮೆ ಸೀರೆ. ರೇಷ್ಮೆಗೆ ಕ್ಷಾರ ಆಗಿಬರುವುದಿಲ್ಲವಾದ್ದರಿಂದ ಸೋಪು, ಸೋಡಾಗಳು ಅದರ ಹೊಳಪನ್ನೂ ಎಳೆಯ ಬಲವನ್ನೂ ತೆಗೆಯುತ್ತವೆ. ಅಂಟುವಾಳದ ನೀರನ್ನು ತಣ್ಣೀರಿನಲ್ಲಿ ತೆಳುವಾಗಿ ಬೆರೆಸಿ, ಸೀರೆಯನ್ನು ಉಜ್ಜದೆ, ಹಿಂಡದೆ ಅದ್ದಿ ಎತ್ತಿ, ನೆರಳಿನಲ್ಲಿ ಒಣಗಿಸಿ. ಅಂಚಿಗೂ ಒಡಲಿಗೂ ಬೇರೆ ಬೇರೆ ಬಣ್ಣವಿದ್ದರೆ ಮೊದಲು ಸೆರಗಿನ ಒಳಮೂಲೆಯೊಂದನ್ನು ಒದ್ದೆಮಾಡಿ ಬಿಳಿಬಟ್ಟೆಯಿಂದ ಒತ್ತಿ ನೋಡಬೇಕು. ಬಣ್ಣ ಬಿಟ್ಟರೆ ಮನೆಯಲ್ಲಿ ಒಗೆಯುವುದು ಬೇಡ. ಬಿಳಿ ಪಂಚೆ, ಬಿಳಿ ಅಂಗಿಗಳನ್ನು ಮಾತ್ರ ಇದರಲ್ಲಿ ಹೆಚ್ಚು ಹೊತ್ತು ನೆನೆಹಾಕಬೇಡಿ, ಹಳದಿಛಾಯೆ ಹಿಡಿಯಬಹುದು. ಹೊಲದ ಕೆಲಸದ ಬಟ್ಟೆಗಳ ಕೊಳೆಗೂ ಇದೊಂದೇ ಸಾಲದು. ಅವುಗಳಿಗೆ ಬಾರ್ ಸೋಪಿನ ಜೊತೆ ವಾಷಿಂಗ್ ಸೋಡಾ ಇರಲಿ.

ಒಗ್ಗರಣೆಯ ಜಿಡ್ಡು ಹತ್ತಿದ ಒಲೆಕಟ್ಟೆಗೆ ಒಂದು ಲೀಟರ್ ಬಿಸಿನೀರಿನಲ್ಲಿ ಎರಡು ಚಮಚ ವಾಷಿಂಗ್ ಸೋಡಾ ಸಾಕು. ಕೈಗವಸು ಹಾಕಿಕೊಳ್ಳಿ, ಅಲ್ಯೂಮಿನಿಯಂ ಪಾತ್ರೆಗಳಿಗೆ ಇದನ್ನು ಮುಟ್ಟಿಸಲೇಬೇಡಿ, ಕಪ್ಪಿಡಿದು ಹಾಳಾಗುತ್ತವೆ. ಹಿತ್ತಾಳೆ, ತಾಮ್ರಕ್ಕೆ ಹುಣಸೆಹಣ್ಣು ಮತ್ತು ಉಪ್ಪು ಎಂಬುದನ್ನು ನಾವು ಹೇಳಿಕೊಡಬೇಕಾಗಿಲ್ಲ.

ನಲ್ಲಿ, ಬಕೆಟ್ಟು, ಸ್ಟೀಲ್ ಕೊಡಗಳ ಮೇಲೆ ಕೂರುವ ಬಿಳಿ ಸುಣ್ಣವನ್ನು ಬಿಡಿಸಲು ಒಂದು ಲೀಟರ್ ಬೆಚ್ಚನೆಯ ನೀರಿಗೆ ಎರಡು ಚಮಚ ನಿಂಬೆ ಉಪ್ಪು ಹಾಕಿ ಅರ್ಧ ಗಂಟೆ ಬಿಡಿ. ಆದರೆ ಸುಣ್ಣವನ್ನು ಕರಗಿಸುವ ಹುಳಿ ಸುಣ್ಣದ ಕಲ್ಲನ್ನೂ ಕರಗಿಸುತ್ತದೆ. ನಮ್ಮ ಹಳೆಯ ಮನೆಗಳ ಕಡಪ ಕಲ್ಲು, ಅಮೃತಶಿಲೆ, ಮೊಸಾಯಿಕ್ ನೆಲಗಳಿಗೆ ನಿಂಬೆ ಉಪ್ಪು, ವಿನೆಗರ್, ಹುಣಸೆ ಯಾವುದನ್ನೂ ಹಾಕಬಾರದು. ಒಮ್ಮೆ ಹೊಳಪು ಹೋದರೆ ಮತ್ತೆ ಪಾಲಿಷ್ ಮಾಡಿಸುವವರೆಗೆ ಬಾರದು. ಅಂಥ ನೆಲಕ್ಕೆ ಬಿಸಿನೀರು ಮತ್ತು ಎರಡು ಚಮಚ ಅಂಟುವಾಳದ ನೀರು ಸಾಕು.

ಅಡುಗೆ ಸೋಡಾಕ್ಕೆ ವಿನೆಗರ್ ಸುರಿದು ಬುಸುಗುಟ್ಟಿಸುವ ವಿಡಿಯೊಗಳನ್ನು ನೀವು ಮೊಬೈಲಿನಲ್ಲಿ ನೋಡಿರುತ್ತೀರಿ. ಹುಳಿಯೂ ಕ್ಷಾರವೂ ಕೂಡಿದಾಗ ಒಂದರ ಶಕ್ತಿಯನ್ನು ಇನ್ನೊಂದು ಅಳಿಸುತ್ತದೆ. ಬುಸುಗುಟ್ಟಿದ್ದು ಇಂಗಾಲದ ಡೈಆಕ್ಸೈಡ್, ಉಳಿಯುವುದು ಬಹುತೇಕ ಉಪ್ಪುನೀರಿನಂಥದ್ದು. ಎರಡೂ ಒಳ್ಳೆಯವೇ, ಬೇರೆ ಬೇರೆಯಾಗಿ ಬಳಸಿದಾಗ. ಒಂದು ಪಾಲು ಬೆಲ್ಲ, ಮೂರು ಪಾಲು ನಿಂಬೆ ಮೂಸಂಬಿ ಸಿಪ್ಪೆ, ಹತ್ತು ಪಾಲು ನೀರು ಸೇರಿಸಿ ಮೂರು ತಿಂಗಳು ಹುದುಗಿಸುವ ಬಯೋ ಎಂಜೈಮ್ ಬಗ್ಗೆಯೂ ಸದಸ್ಯರು ವಿಚಾರಿಸಿದ್ದಾರೆ. ಟೈಲ್ಸ್ ನೆಲ ಒರೆಸಲು ಅದು ಚೆನ್ನಾಗಿದೆ, ಗಾಜಿನ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿದರೆ ಒಳಗಿನ ಅನಿಲದ ಒತ್ತಡಕ್ಕೆ ಸಿಡಿಯುವ ಅಪಾಯವಿದೆ.

ಇನ್ನು ಮುಂದಿನ ವಿಷಯವನ್ನು ದಯವಿಟ್ಟು ಮನೆಮಂದಿಗೆಲ್ಲ ಓದಿ ಹೇಳಿ. ಮೇಲಿನ ಯಾವ ವಸ್ತುವನ್ನೂ ರೋಗಾಣು ನಾಶಕವೆಂದು ನಂಬಬೇಡಿ. ಮನೆಯಲ್ಲಿ ಯಾರಿಗಾದರೂ ವಾಂತಿಭೇದಿಯಾದಾಗ ಶೌಚಾಲಯ, ಬಚ್ಚಲುಗಳಿಗೆ ಬ್ಲೀಚಿಂಗ್ ಪೌಡರ್ ಬೇಕೇ ಬೇಕು. ಅದನ್ನು ನಾವು ಮಾರುತ್ತಲೇ ಇರುತ್ತೇವೆ. ಆದರೆ ಬ್ಲೀಚಿಂಗ್ ಪೌಡರಿಗೆ ನಿಂಬೆ ಉಪ್ಪಾಗಲಿ, ವಿನೆಗರ್ ಆಗಲಿ, ಶೌಚಾಲಯದ ಆ್ಯಸಿಡ್ ಆಗಲಿ ತಾಗಿದರೆ ವಿಷಕಾರಿಯಾದ ಕ್ಲೋರಿನ್ ಅನಿಲ ಹೊರಡುತ್ತದೆ. ಕಿಟಕಿಯಿಲ್ಲದ ಚಿಕ್ಕ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಕುತ್ತು. ಈ ಭಯದಿಂದಲೇ ಬಾಟಲಿಯ ಆ್ಯಸಿಡ್ ಮಾರಾಟವನ್ನೂ ಕೈಬಿಡುತ್ತಿದ್ದೇವೆ; ಶೌಚಾಲಯದ ಕಲೆಗೆ ನಿಂಬೆ ಉಪ್ಪನ್ನು ರಾತ್ರಿ ಉದುರಿಸಿ ಬೆಳಿಗ್ಗೆ ತಿಕ್ಕಿ, ನಿಧಾನವಾದರೂ ಬಿಡುತ್ತದೆ.

ಅಂಟುವಾಳ ಮರದ ಕಾಯಿಯಾದರೂ ಅದರ ನೀರು ಕಣ್ಣಿಗೆ ಬಿದ್ದರೆ ಕಡುಉರಿ. ಮೀನುಗಳಿಗೆ ಅದು ವಿಷವೇ. ಆದ್ದರಿಂದ ತೊಳೆದ ನೀರನ್ನು ಕೆರೆ, ಬಾವಿ, ಹೊಂಡಗಳ ಬಳಿ ಚೆಲ್ಲಬೇಡಿ. ವಾಷಿಂಗ್ ಸೋಡಾ ಬೆರೆತ ನೀರನ್ನು ಗಿಡಗಳ ಬುಡಕ್ಕೆ ಹಾಕಬೇಡಿ. ಮಾಡಿಟ್ಟ ಯಾವುದೇ ದ್ರವವನ್ನು ಕುಡಿಯುವ ನೀರಿನ ಅಥವಾ ಜ್ಯೂಸಿನ ಬಾಟಲಿಯಲ್ಲಿ ಇಡದೆ, ಹೆಸರು ಬರೆದು ಮಕ್ಕಳ ಕೈಗೆ ಸಿಗದಂತೆ ಇಡಿ.

ಬಾಟಲಿ ತುಂಬುತ್ತಿದ್ದ ನಮ್ಮ ಹೆಣ್ಣುಮಕ್ಕಳ ಕೆಲಸಕ್ಕೆ ಈ ಬದಲಾವಣೆಯಿಂದ ಕುಂದಿಲ್ಲ. ಹೊಳಲ್ಕೆರೆ, ಹೊಸದುರ್ಗ ಕಡೆಯ ರೈತರಿಂದ ಬರುವ ಕಾಯಿಯನ್ನು ಒಡೆದು ಬೀಜ ಬೇರ್ಪಡಿಸುವುದು, ಒಣಗಿಸುವುದು, ಸೀಗೆ ಕುಟ್ಟಿ ಜರಡಿ ಹಿಡಿಯುವುದು ಅವರ ಕೈಯಲ್ಲೇ ನಡೆಯುತ್ತದೆ. ಕೂಲಿಯ ದರವೂ ಮೊದಲಿನಂತೆಯೇ ಇರುತ್ತದೆ. ಬೀಜದಲ್ಲಿ ನೊರೆಯ ಸತ್ವವಿಲ್ಲವಾದ್ದರಿಂದ ನಾವು ತೂಗಿ ಕೊಡುವುದು ಬರೀ ಸಿಪ್ಪೆಯನ್ನು. ಬೇರೆ ಕಡೆಯ ಇಡೀ ಕಾಯಿಯ ಬೆಲೆಯೊಡನೆ ಹೋಲಿಸುವಾಗ ಇದನ್ನು ಗಮನದಲ್ಲಿಡಿ.

ಖಾನಾವಳಿ ಮತ್ತು ಹಾಸ್ಟೆಲ್ಲುಗಳಿಗೆ ಕ್ಯಾನಿನಲ್ಲಿ ಕೊಡುತ್ತಿರುವ ಪಾತ್ರೆ ತೊಳೆಯುವ ದ್ರವ ಸದ್ಯಕ್ಕೆ ಮುಂದುವರಿಯುತ್ತದೆ, ಏಕೆಂದರೆ ದಿನಕ್ಕೆ ನೂರಾರು ತಟ್ಟೆ ತೊಳೆಯುವಲ್ಲಿ ಅಂಟುವಾಳ ಕುದಿಸುತ್ತಾ ಕೂರಲು ಆಗದು. ಮಳಿಗೆಯಲ್ಲಿರುವ ಬಾಟಲಿಗಳನ್ನು ದಾಸ್ತಾನು ಮುಗಿಯುವವರೆಗೆ ಹಳೆಯ ಬೆಲೆಗೇ ಕೊಡುತ್ತೇವೆ. ಮುಂಗಡ ಹಣ ಕೊಟ್ಟವರು ರಸೀದಿ ತೋರಿಸಿ ಹಣ ಅಥವಾ ಸಾಮಗ್ರಿ ಪಡೆಯಬಹುದು. ಯುಗಾದಿಯ ನಂತರ ಪ್ರತಿ ಶನಿವಾರ ಮಧ್ಯಾಹ್ನ 3 ಗಂಟೆಗೆ ಮಳಿಗೆಯ ಹಿಂದಿನ ಕೋಣೆಯಲ್ಲಿ ಪ್ರಾತ್ಯಕ್ಷಿಕೆ ಇರುತ್ತದೆ. ಬರುವಾಗ ನಿಮ್ಮ ಮನೆಯ ಕೊಳವೆಬಾವಿಯ ನೀರನ್ನು ಒಂದು ಲೀಟರಿನಷ್ಟು ತನ್ನಿ. ಅದೇ ನೀರಿನಲ್ಲಿ ಅಂಟುವಾಳವನ್ನೂ ಸೋಪನ್ನೂ ಕದಡಿ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ
(ಆಡಳಿತ ಮಂಡಳಿಯ ಪರವಾಗಿ)
ಚಿತ್ರದುರ್ಗ