ನೆಪ ಎಂದು ಬರೆದೆಯಲ್ಲ

ದಾವಣಗೆರೆ

ಚಿ. ಪುಟ್ಟಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಮನೆಯ ಸುದ್ದಿಯನ್ನೆಲ್ಲ ನಿನ್ನ ಅಪ್ಪ ಫೋನಿನಲ್ಲಿ ಹೇಳಿರುತ್ತಾನೆ, ಅದನ್ನು ಬಿಡುತ್ತೇನೆ. ನಿನ್ನ ಪತ್ರದಲ್ಲಿ ಬೇರೇನೋ ಹೇಳುತ್ತಾ ನಡುವೆ ಒಂದು ಸಾಲು ತೂರಿಸಿದ್ದೀಯ: ‘ಚಿತ್ರ ಬರೆಯಲು ಕೂರುವುದು ಬರವಣಿಗೆಯಿಂದ ತಪ್ಪಿಸಿಕೊಳ್ಳಲು ನಾನು ಹುಡುಕಿಕೊಂಡ ನೆಪವೇ ಇರಬೇಕು ದೊಡ್ಡಪ್ಪ.’ ಕಾದಂಬರಿ ಅರ್ಧಕ್ಕೆ ನಿಂತಿದೆ, ಮಕ್ಕಳ ನಾಟಕವನ್ನು ಶಾಲೆಯವರು ಕೇಳುತ್ತಿದ್ದಾರೆ, ಕಥೆಗಳನ್ನು ತಿದ್ದಬೇಕು, ಇದರ ಜೊತೆಗೆ ಜಲವರ್ಣ, ಪೆನ್ಸಿಲ್ ಚಿತ್ರ. ಇದನ್ನೆಲ್ಲ ಓದಿ ನನಗೆ ಗಾಬರಿಯಾಗಲಿಲ್ಲ. ಕೈತುಂಬ ಕೆಲಸವಿರುವುದು ರೋಗವೇನಲ್ಲ. ಆ ಒಂದು ಸಾಲು ಮಾತ್ರ ರಾತ್ರಿ ನಿದ್ದೆ ಕೆಡಿಸಿತು.

ಆ ಮಾತನ್ನು ನಾನು ಮೊದಲು ಕೇಳಿದ್ದು ಬೋರ್ಡ್ ಬರೆಯುವುದನ್ನು ಕಲಿಸಿದ ಗುರುಗಳ ಬಾಯಲ್ಲಿ. ತಗಡಿಗೆ ಮೊದಲ ಕೋಟ್ ಹೊಡೆದ ಮೇಲೆ ಅದು ಒಣಗುವವರೆಗೆ ಅಕ್ಷರಕ್ಕೆ ಕೈ ಹಾಕುವಂತಿಲ್ಲ. ಎನಾಮಲ್ ಬಣ್ಣ ಮಳೆಗಾಲದಲ್ಲಂತೂ ಮರುದಿನವೂ ಬೆರಳಿಗೆ ಅಂಟುತ್ತದೆ. ಆ ಹೊತ್ತಿನಲ್ಲಿ ನಾನು ರಟ್ಟಿನ ಮೇಲೆ ಹಾಳೆ ಇಟ್ಟುಕೊಂಡು ನಾಟಕ ಬರೆಯುತ್ತಿದ್ದೆ. ‘ಕೆಲಸಗಳ್ಳನಿಗೆ ಒಂದು ನೆಪ’ ಎನ್ನುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ಸೀಮೆಸುಣ್ಣ ಹಚ್ಚಿದ ದಾರ ಮಿಡಿದು ಗೆರೆ ಹಾಕಿಕೊಂಡರೆಂದರೆ ಒಂದೇ ಎಳೆತಕ್ಕೆ ಅಕ್ಷರದ ಅಂಚು ಕೂರಿಸುತ್ತಿದ್ದರು. ಆ ಕೈ ನನಗೆ ಕೊನೆಗೂ ಒಲಿಯಲಿಲ್ಲ. ಆದರೆ ಅವರು ಹೇಳಿದ್ದು ನನ್ನೊಳಗೆ ಎಷ್ಟು ಆಳಕ್ಕೆ ಇಳಿದಿತ್ತೆಂದರೆ, ದುರ್ಗಾಂಬಿಕೆಯ ಜಾತ್ರೆಗೆ ಮುಂಚೆ ಉಸಿರಾಡಲು ಬಿಡುವಿಲ್ಲದಷ್ಟು ಕೆಲಸ ಮಾಡುವಾಗಲೂ ನಾನೊಬ್ಬ ಸೋಮಾರಿ ಎಂದೇ ಅನ್ನಿಸುತ್ತಿತ್ತು.

ಆಮೇಲೆ ಫ್ಲೆಕ್ಸ್ ಬಂತು. ಬೆಳಿಗ್ಗೆ ಹೇಳಿದರೆ ಸಂಜೆಗೆ ಬೋರ್ಡ್ ಕೈಗೆ ಕೊಡುವ ಅಂಗಡಿಗಳಾದವು. ನನಗೆ ಬೇಕಾದಷ್ಟು ಬಿಡುವು. ಇನ್ನಾದರೂ ಬರೆಯಬಹುದೆಂದು ಕುಳಿತರೆ ಒಂದು ಸಂಭಾಷಣೆಯೂ ಹೊಳೆಯಲಿಲ್ಲ. ನನ್ನ ಪಾತ್ರಗಳು ಬಾಯಿ ಬಿಡುತ್ತಿದ್ದುದು ಬಣ್ಣ ಒಣಗುವುದನ್ನು ಕಾಯುವ ಹೊತ್ತಿನಲ್ಲಿ ಮಾತ್ರ ಎಂದು ಆಗ ತಿಳಿಯಿತು. ಗುರುಗಳಿಗೆ ಹೇಳೋಣವೆಂದರೆ ಅವರು ಹೋಗಿ ವರ್ಷಗಳಾಗಿದ್ದವು.

ಆದ್ದರಿಂದ, ನೆಪವೇ ಇರಲಿ ಎಂದುಕೋ. ನೆಪದಿಂದ ಏನು ಹುಟ್ಟುತ್ತಿದೆ ಎಂದು ನೋಡು. ರವೀಂದ್ರನಾಥ ಠಾಕೂರರ ಹಸ್ತಪ್ರತಿಗಳ ಚಿತ್ರ ನೀನು ನೋಡಿರಬೇಕು. ಕವಿತೆಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಹಾಗೆಯೇ ಬಿಡದೆ ಗೆರೆಗೆ ಗೆರೆ ಕೂಡಿಸಿ ಹಕ್ಕಿಯನ್ನೋ ವಿಚಿತ್ರ ಮೃಗವನ್ನೋ ಮಾಡಿಬಿಡುತ್ತಿದ್ದರು. ಅವರ ಚಿತ್ರಕಲೆ ಬೆಳೆದದ್ದು ಆ ಕಾಟುಗಳಿಂದಲೇ. 1930ರಲ್ಲಿ ಪ್ಯಾರಿಸಿನಲ್ಲಿ ಚಿತ್ರಗಳ ಪ್ರದರ್ಶನವಾದಾಗ ಅವರಿಗೆ ಎಪ್ಪತ್ತು ಹತ್ತಿರವಾಗಿತ್ತು. ದೊಡ್ಡವರ ಹೆಸರು ಹೇಳಿ ಸಮಾಧಾನ ಮಾಡುವುದು ನನಗೂ ಸೇರದು. ಅವರಿಗೆ ನಿನ್ನ ಹಾಗೆ ಕಚೇರಿಯ ಬಸ್ ಹಿಡಿಯುವ ಚಿಂತೆ ಇರಲಿಲ್ಲ. ಹತ್ತಿರದವರನ್ನೇ ಹೇಳುತ್ತೇನೆ. ಹರ್ತಿಕೋಟೆಯ ಪಿ.ಆರ್. ತಿಪ್ಪೇಸ್ವಾಮಿಯವರು (1997ರವರೆಗೆ ನಾವೂ ಚಿತ್ರದುರ್ಗ ಜಿಲ್ಲೆಯವರೇ ಆಗಿದ್ದರಿಂದ ನಮ್ಮವರು ಎನ್ನುತ್ತೇನೆ) ನಿಸರ್ಗ ಚಿತ್ರಗಳನ್ನು ಬರೆದರು, ಜೊತೆಗೆ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವನ್ನು ಕಟ್ಟಲು ದುಡಿದರು. ಒಂದು ಇನ್ನೊಂದರ ನೆಪವೇ ಎಂದು ಅವರನ್ನು ಯಾರಾದರೂ ಕೇಳಿದ್ದರೋ ಏನೋ.

ನಮ್ಮ ಊರಿನ ಕಲಾಶಾಲೆ ಶುರುವಾದದ್ದು 1964ರಲ್ಲಿ. ಅಲ್ಲಿಗೆ ಸೇರುವ ಆಸೆ ನನಗೆ ಬಹಳ ಇತ್ತು. ಅಲ್ಲಿನ ಹುಡುಗರು ಅಂಗಡಿಗೆ ಬಂದು ನಿಂತು ನಾನು ನೆರಳಿನ ಅಕ್ಷರ ಬರೆಯುವುದನ್ನು ನೋಡುತ್ತಿದ್ದರು. ಅವರ ಕಂಕುಳಲ್ಲಿರುತ್ತಿದ್ದ ಡ್ರಾಯಿಂಗ್ ಬೋರ್ಡುಗಳನ್ನು ನಾನು ನೋಡುತ್ತಿದ್ದೆ. ಇರಲಿ, ಇದು ಬೇರೆ ದಾರಿ ಹಿಡಿಯಿತು.

ನಿನಗೆ ಸುಳ್ಳು ಸಮಾಧಾನ ಹೇಳಬಾರದು. ನಿಜವಾಗಿ ತಪ್ಪಿಸಿಕೊಳ್ಳುವುದು ಎಂಬುದೂ ಒಂದಿದೆ. ನನ್ನ ನಾಟಕದಲ್ಲಿ ಗಿರಣಿ ಮುಚ್ಚಿದ ದಿನ ಅಪ್ಪ ಮನೆಗೆ ಬಂದು ಹೆಂಡತಿಯ ಮುಂದೆ ಆ ಸುದ್ದಿ ಹೇಳಬೇಕು. ನಿನ್ನ ತಾತನ ಸಂಗತಿ ನಿನಗೆ ಗೊತ್ತೇ ಇದೆ. ಅಪ್ಪ ಹೊಸ್ತಿಲು ದಾಟುತ್ತಿದ್ದ ಹಾಗೆ ನಾನು ಎದ್ದು ಬ್ರಷ್ ತೊಳೆಯಲು ಹೋಗುತ್ತಿದ್ದೆ, ಬ್ರಷ್ಷಿಗೆ ಬಣ್ಣ ತಾಗಿರದಿದ್ದರೂ. ಮತ್ತೆ ಕುಳಿತರೆ ಮತ್ತೆ ಅದೇ ಜಾಗ, ಮತ್ತೆ ಟರ್ಪೆಂಟೈನ್ ಡಬ್ಬಿ. ಆ ಮನುಷ್ಯ ಇಂದಿಗೂ ಹೊಸ್ತಿಲಲ್ಲೇ ಇದ್ದಾನೆ. ಬರೆಯಲಾಗದಿದ್ದರೆ ಅವನ ಮುಖವನ್ನಾದರೂ ಪೆನ್ಸಿಲಿನಲ್ಲಿ ತೆಗೆದು ನೋಡಬಹುದಿತ್ತು ಎಂದು ಈಗ ಅನ್ನಿಸುತ್ತದೆ.

ಸಲಹೆ ಎಂದು ಕೇಳಿದ್ದೀಯ. ನನ್ನಲ್ಲಿ ಇರುವುದು ಇಷ್ಟೇ, ಸರಿಹೋಗದಿದ್ದರೆ ಬಿಡು. ಬರೆಯುತ್ತಿದ್ದವಳು ಚಿತ್ರಕ್ಕೆಂದು ಎದ್ದಾಗ, ಯಾವ ಸಾಲಿನಲ್ಲಿ ಎದ್ದೆ ಎಂದು ಅಂಚಿನಲ್ಲಿ ತಾರೀಖು ಹಾಕು. ತಾರೀಖುಗಳು ಅಲ್ಲೊಂದು ಇಲ್ಲೊಂದು ಚದುರಿದ್ದರೆ ನೀನು ದಣಿದು ಎದ್ದಿದ್ದೀಯ, ಅದರಲ್ಲಿ ಅಳುಕುವುದಕ್ಕೆ ಏನೂ ಇಲ್ಲ. ಒಂದೇ ಸಾಲಿನ ಪಕ್ಕದಲ್ಲಿ ಗುಂಪುಗೂಡಿದ್ದರೆ ಭಯ ಆ ಸಾಲಿನದು, ಬಣ್ಣದ ಪೆಟ್ಟಿಗೆಯನ್ನು ಬೈಯಬೇಡ. ಬರೆಯುವುದಕ್ಕೂ ಬಣ್ಣಕ್ಕೂ ಬೇರೆ ಬೇರೆ ಮೇಜು ಇದ್ದರೆ ಒಳ್ಳೆಯದು ಎನ್ನಬೇಕೆಂದಿದ್ದೆ. ನಿನ್ನ ಕೋಣೆಯಲ್ಲಿ ಜಾಗವೆಲ್ಲಿದೆ. ಮಕ್ಕಳ ನಾಟಕವನ್ನು ಮೊದಲು ಮುಗಿಸಿಕೊಡು, ಮಕ್ಕಳು ಮಾತು ಬಾಯಿಪಾಠ ಮಾಡಬೇಕಲ್ಲ. ಕಥೆಗಳನ್ನು ತಿದ್ದುವುದಕ್ಕೆ ಜಲವರ್ಣದ ಮೊದಲ ವಾಷ್ ಆರುವ ಹೊತ್ತು ಸಾಕಾಗಬಹುದು. ನಮ್ಮ ಎನಾಮಲ್‌ನಷ್ಟು ಅದು ಕಾಯಿಸುವುದಿಲ್ಲ, ಹಾಗಾಗಿ ಒಂದು ಪುಟಕ್ಕಿಂತ ಹೆಚ್ಚು ಸಾಗದು.

ಕಾದಂಬರಿಯ ಬಗ್ಗೆ ನಾನು ಏನೂ ಹೇಳಲಾರೆ. ಒಂದೇ ಒಂದು ಕೇಳುತ್ತೇನೆ. ನೆಪ ಎಂಬ ಮಾತನ್ನು ಬರೆಯುವಾಗ ನಿನ್ನ ಮನಸ್ಸಿನಲ್ಲಿ ಅದರ ಯಾವುದೋ ಒಂದು ಅಧ್ಯಾಯ ಇದ್ದಿರಬೇಕು. ಯಾವುದು? ಫೋನಿನಲ್ಲಿ ಬೇಡ, ಅಪ್ಪನೂ ಅಮ್ಮನೂ ಪಕ್ಕದಲ್ಲಿರುತ್ತಾರೆ. ಪತ್ರದಲ್ಲಿ ಬರೆ.

ಇಂತಿ,
ನಿನ್ನ ದೊಡ್ಡಪ್ಪ